ಬಳಲಿದ ತಾಯಿ ದಿನಚರಿಯನ್ನು ಮರಳಿ ಕಟ್ಟಿಕೊಳ್ಳುವುದು ಹೇಗೆ?

ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವ ತಾಯಿಗೆ ಸುತ್ತಲಿನವರು ಕೊಡುವ ಸಲಹೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ಬೇಗ ಏಳು, ಯೋಗಾಸನ ಮಾಡು, ಮನಸ್ಸು ಗಟ್ಟಿ ಮಾಡಿಕೋ. ಮುಂಜಾನೆಯ ತಿಂಡಿ, ಮಕ್ಕಳ ಡಬ್ಬಿ, ಶಾಲೆಯ ವ್ಯಾನು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು, ಕಚೇರಿ, ಸಂಜೆಯ ಹೋಂವರ್ಕು ಇವೆಲ್ಲವನ್ನೂ ಹೊತ್ತು ಕುಸಿದವರಿಗೆ ಇಂಥ ಸಲಹೆಗಳು ಇನ್ನೊಂದು ಹೊರೆಯಾಗುತ್ತವೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ಹೊರೆ ಇಳಿಯುತ್ತದೆ, ಆಮೇಲೆ ಒಂದೊಂದಾಗಿ ಅಭ್ಯಾಸಗಳು ಸೇರುತ್ತವೆ.

ಮೊದಲು ವೈದ್ಯರ ಭೇಟಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ ಪ್ರಕಾರ ಬರ್ನ್‌ಔಟ್, ಅಂದರೆ ದುಡಿದು ದುಡಿದು ಪೂರ್ತಿ ಬಳಲಿಹೋಗುವುದು, ಉದ್ಯೋಗದ ಸ್ಥಳದ ದೀರ್ಘಕಾಲದ ಒತ್ತಡದಿಂದ ಬರುವ ಸ್ಥಿತಿ. ಅದನ್ನು ಕಾಯಿಲೆಯೆಂದು ಪರಿಗಣಿಸಿಲ್ಲ. ಮನೆಯೊಳಗಿನ ದುಡಿಮೆಗೆ ಆ ವ್ಯಾಖ್ಯೆಯಲ್ಲಿ ಜಾಗವಿಲ್ಲದಿದ್ದರೂ ತಾಯಂದಿರ ಬಳಲಿಕೆ ಅದಕ್ಕಿಂತ ಹಗುರವೆಂದು ನಾನು ಒಪ್ಪಲಾರೆ. ಖಿನ್ನತೆಯಾದರೋ ಚಿಕಿತ್ಸೆ ಬೇಡುವ ಕಾಯಿಲೆ. ಎರಡು ವಾರಗಳಿಗೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಮತ್ತು ಹಸಿವು ಏರುಪೇರಾಗಿದ್ದರೆ ದಿನಚರಿಯ ಮಾತಿಗಿಂತ ಮೊದಲು ವೈದ್ಯರನ್ನು ಕಾಣಬೇಕು.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಬಾಣಂತಿಯನ್ನು ಮಗುವಿನೊಂದಿಗೇ ದಾಖಲಿಸಿಕೊಂಡು ಆರೈಕೆ ಮಾಡುವ ವಿಭಾಗವಿದೆ. ಮನೆಯಿಂದ ಹೊರಡುವ ಶಕ್ತಿಯೇ ಇಲ್ಲದ ದಿನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಸಾಯಬೇಕೆಂಬ ಅಥವಾ ಮಗುವಿಗೆ ಏನಾದರೂ ಮಾಡಿಬಿಡಬಹುದೆಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ರಕ್ತಹೀನತೆ, ಥೈರಾಯ್ಡ್ ತೊಂದರೆ ಮತ್ತು ಬಿ12 ಕೊರತೆ ಇವೂ ಇದೇ ರೀತಿಯ ಸುಸ್ತನ್ನು ತರುವುದರಿಂದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಕೆಲವು ವಾರಗಳು ಬೇಕು. ಗುಣವಾಯಿತೆನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ, ನೀವಾಗಿಯೇ ನಿಲ್ಲಿಸಬಾರದು. ಎದೆಹಾಲು ಕುಡಿಸುತ್ತಿದ್ದರೆ ಅದನ್ನು ತಿಳಿಸಿ, ಆಗಲೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ.

ಹೊರೆ ಇಳಿಸುವುದು

ಒಂದು ಹಾಳೆಯಲ್ಲಿ ನೀವು ಮಾಡುವ ಕೆಲಸಗಳನ್ನು ಮಾತ್ರವಲ್ಲದೆ, ನೆನಪಿಟ್ಟುಕೊಳ್ಳುವ ಕೆಲಸಗಳನ್ನೂ ಬರೆಯಿರಿ: ಸಿಲಿಂಡರ್ ಬುಕ್ ಮಾಡುವುದು, ಲಸಿಕೆಯ ದಿನ, ಶಾಲೆಯ ಡೈರಿಗೆ ಸಹಿ, ನಾಳೆಯ ಪಲ್ಯಕ್ಕೆ ತರಕಾರಿ ಇದೆಯೇ ಎಂಬ ಲೆಕ್ಕ. ಮೈಮುರಿಯುವ ಕೆಲಸಕ್ಕಿಂತ ಈ ಎರಡನೆಯದೇ ಹೆಚ್ಚು ದಣಿಸುತ್ತದೆ. ‘ಏನು ಮಾಡಬೇಕು ಹೇಳು, ಮಾಡಿಕೊಡುತ್ತೇನೆ’ ಎನ್ನುವ ಗಂಡನ ಮಾತು ಪ್ರೀತಿಯದ್ದೇ ಆದರೂ ನೆನಪಿಡುವ ಭಾರ ನಿಮ್ಮಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ಕೆಲಸವನ್ನು ಬಿಟ್ಟುಕೊಡುವಾಗ ಬೇರುಸಮೇತ ಬಿಟ್ಟುಕೊಡಿ. ಮಕ್ಕಳ ಡಬ್ಬಿ ಗಂಡನದ್ದೆಂದಾದರೆ, ಹಿಂದಿನ ರಾತ್ರಿ ಏನು ಕಟ್ಟಬೇಕೆಂದು ಯೋಚಿಸುವುದರಿಂದ ಹಿಡಿದು ಸಂಜೆ ಮರಳಿ ಬಂದ ಡಬ್ಬಿ ತೊಳೆಯುವವರೆಗೆ ಎಲ್ಲವೂ ಅವರದ್ದೇ ಆಗಲಿ, ಉಪ್ಪು ಕಡಿಮೆಯಾದರೂ ಸರಿಯೇ. ಅತ್ತೆಯವರೋ ಅಮ್ಮನೋ ಮನೆಯಲ್ಲಿದ್ದರೆ ವೈದ್ಯರ ಬಳಿ ಒಮ್ಮೆ ಅವರನ್ನೂ ಕರೆದೊಯ್ಯಿರಿ. ಸೊಸೆಯೋ ಮಗಳೋ ಹೇಳಿದಾಗ ಸೋಮಾರಿತನವೆನಿಸಿದ್ದು ವೈದ್ಯರು ಹೇಳಿದಾಗ ಕಾಯಿಲೆಯೆಂದು ಅರ್ಥವಾಗುವುದುಂಟು. ಕೆಲವು ತಿಂಗಳು ದೋಸೆಹಿಟ್ಟು ಪ್ಯಾಕೆಟ್ಟಿನದಾಗಲಿ, ಚಪಾತಿ ಮತ್ತು ಹುಳಿಪುಡಿ ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯಿಂದ ಬರಲಿ. ಇದರಿಂದ ತಾಯ್ತನಕ್ಕೆ ಯಾವ ಕುಂದೂ ಇಲ್ಲ.

ಏಳುವ ಹೊತ್ತು, ತಿನ್ನುವ ಹೊತ್ತು

ಮಲಗುವ ಸಮಯ ನಮ್ಮ ಕೈಯಲ್ಲಿಲ್ಲದಿದ್ದರೂ ಏಳುವ ಸಮಯವನ್ನು ಭಾನುವಾರವೂ ಸೇರಿದಂತೆ ಒಂದೇ ಆಗಿಟ್ಟುಕೊಳ್ಳಬಹುದು. ಎದ್ದ ಮೇಲೆ ಹತ್ತು ನಿಮಿಷ ಬಾಲ್ಕನಿಯಲ್ಲೋ ತಾರಸಿಯಲ್ಲೋ ಬೆಳಕಿಗೆ ನಿಂತರೆ ದೇಹದ ಗಡಿಯಾರ ಸರಿಹೊಂದಲು ನೆರವಾಗುತ್ತದೆ. ಕಾಫಿ ಬಿಡಬೇಕಿಲ್ಲ, ಆದರೆ ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಮಧ್ಯಾಹ್ನ ಎರಡರ ನಂತರ ಬೇಡ. ಹಸುಗೂಸಿನ ತಾಯಂದಿರಿಗೆ ಈ ಶಿಸ್ತು ಹೊಂದುವುದಿಲ್ಲ. ಅವರಿಗೆ ಬೇಕಾದದ್ದು ರಾತ್ರಿಯಲ್ಲಿ ನಾಲ್ಕೈದು ಗಂಟೆಗಳ ಮುರಿಯದ ನಿದ್ದೆ, ಆ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವ ಇನ್ನೊಬ್ಬರು.

ತಿಂಡಿಯನ್ನು ಮಕ್ಕಳು ಹೊರಟ ಮೇಲೆ ನಿಂತುಕೊಂಡು ತಿನ್ನುವ ಬದಲು ಅವರ ಜೊತೆಯಲ್ಲೇ ಕುಳಿತು ತಿನ್ನಿ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದೊಂದಿಗೆ ನುಂಗಬೇಡಿ, ಅವು ಅದರ ಹೀರಿಕೆಯನ್ನು ತಗ್ಗಿಸುತ್ತವೆ.

ಹುಮ್ಮಸ್ಸಿಗಾಗಿ ಕಾಯದೆ

ಮನಸ್ಸು ಸರಿಹೋದ ಮೇಲೆ ಕೆಲಸಕ್ಕೆ ಇಳಿಯೋಣವೆಂದು ಕಾಯುವುದು ಸಹಜ. ಖಿನ್ನತೆಯಲ್ಲಿ ಮಾತ್ರ ಆ ಹುಮ್ಮಸ್ಸು ಮೊದಲು ಬರುವುದೇ ಇಲ್ಲ. ಚಟುವಟಿಕೆ ಕುಗ್ಗಿದಷ್ಟೂ ಸಂತೋಷದ ಅವಕಾಶಗಳು ಕುಗ್ಗಿ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ವಿವರಿಸಿದರು. ಪುಟ್ಟ ಚಟುವಟಿಕೆಗಳನ್ನು ಮೊದಲೇ ಹೊತ್ತು ಗೊತ್ತುಮಾಡಿ ನಡೆಸುವ ಚಿಕಿತ್ಸಾಕ್ರಮ ಈ ವಿಚಾರದಿಂದ ಬೆಳೆಯಿತು. ವಾರಕ್ಕೆ 150 ನಿಮಿಷದ ವ್ಯಾಯಾಮವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಮುಂದಿನ ದಿನಗಳಿಗಿರಲಿ. ಈಗ ಬೀದಿಯ ಕೊನೆಯವರೆಗೆ ಹೋಗಿ ಬರುವ ಐದು ನಿಮಿಷ ಸಾಕು, ಅತ್ಯಂತ ಕೆಟ್ಟ ದಿನದಲ್ಲೂ ಆಗುವಷ್ಟು ಚಿಕ್ಕದಿರಲಿ. ಹೊರಡುವ ಮುನ್ನ ಮತ್ತು ಬಂದ ಮೇಲೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕವೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಬಳಲಿದ ಮನಸ್ಸು ಗಮನಿಸದೆ ಬಿಡುವ ಸಣ್ಣ ಏರಿಕೆ ಆ ಪುಸ್ತಕದಲ್ಲಿ ಕಾಣುತ್ತದೆ. ವಾರಕ್ಕೊಮ್ಮೆಯಾದರೂ, ಯಾರಿಗೂ ಉಪಯೋಗವಿಲ್ಲದ, ನಿಮಗೆ ಮಾತ್ರ ಇಷ್ಟವಾದ ಒಂದು ಕೆಲಸವೂ ಸೇರಲಿ.

ಒಂದು ಅಭ್ಯಾಸ ನೆಲೆಯಾಗದೆ ಇನ್ನೊಂದನ್ನು ಆರಂಭಿಸಬೇಡಿ. 21 ದಿನಗಳಲ್ಲಿ ಅಭ್ಯಾಸವಾಗುತ್ತದೆಂಬ ಮಾತಿಗೆ ಕಿವಿಗೊಡಬೇಕಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನಗಳು ಬೇಕಾದವು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೂ ಆಗಲಿಲ್ಲ.

ಮಗುವಿಗೆ ಜ್ವರ ಬಂದಾಗ, ದಸರಾ ರಜೆಯಲ್ಲಿ ನೆಂಟರು ಬಂದಾಗ ದಿನಚರಿ ಮುರಿಯುತ್ತದೆ. ಅಂಥ ವಾರಗಳಿಗೆಂದು ಮೂರನ್ನು ಮಾತ್ರ ಉಳಿಸಿಕೊಳ್ಳಿ: ಮಾತ್ರೆ, ಏಳುವ ಸಮಯ, ತಿಂಡಿ. ನಿದ್ದೆ ಕೆಡುವುದು, ಫೋನ್ ಎತ್ತಲು ಮನಸ್ಸಾಗದಿರುವುದು ಮುಂತಾದ ನಿಮ್ಮ ಮೊದಲ ಲಕ್ಷಣಗಳನ್ನು ಆರೋಗ್ಯವಾಗಿರುವಾಗಲೇ ಮನೆಯ ಒಬ್ಬರಿಗೆ ಹೇಳಿಟ್ಟಿರಿ. ಅವು ಮರಳಿ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅವರೇ ವೈದ್ಯರ ಭೇಟಿ ಗೊತ್ತುಮಾಡಲಿ.