ನೀರಿಲ್ಲದ ಟಾಕಿ: ಮಾಳಿಗೆ ಮೇಲಿನ ಆಂಟೆನಾ ಮರೆಮಾಡಿದ ಬಗೆ

ಮೊಬೈಲ್ ಟವರಿಗೆ ಪೈನ್ ಮರದ ವೇಷ ಹಾಕುವುದು ಅಮೆರಿಕದಲ್ಲಿ 1990ರ ದಶಕದಿಂದ ನಡೆದುಬಂದಿದೆ. ಕಲಬುರಗಿಯ ಓಣಿಯಲ್ಲಿ ಪೈನ್ ಮರ ನಿಲ್ಲಿಸಿದರೆ ಊರೆಲ್ಲ ನೋಡಲು ಬಂದೀತು. ಇಲ್ಲಿ ಯಾರೂ ಕತ್ತೆತ್ತಿ ನೋಡದ ವಸ್ತು ಮಾಳಿಗೆ ಮೇಲಿನ ನೀರಿನ ಟಾಕಿ. ಅದನ್ನೇ ಆರಿಸಿಕೊಂಡೆವು: ಅಡ್ಡಳತೆ 1.5 ಮೀಟರ್, ಎತ್ತರ 2.5 ಮೀಟರ್, ಒಳಗೆ 120 ಡಿಗ್ರಿಗೊಂದರಂತೆ ಮೂರು ಆಂಟೆನಾ.

ಟಾಕಿ ನಮಗೆ ಕಾಣಬೇಕು, ರೇಡಿಯೊ ಅಲೆಗೆ ಕಾಣಬಾರದು. ಅದಕ್ಕೆ ಗೋಡೆ 3 ಮಿಲಿಮೀಟರ್ ಎಫ್‌ಆರ್‌ಪಿ, ಅಂದರೆ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್. ಅಲೆಯ ಆವರ್ತನ 900 ಮೆಗಾಹರ್ಟ್ಸ್ ಆದರೆ ಇನ್ನೂ ದಪ್ಪವಿದ್ದರೂ ನಡೆದೀತು. 5ಜಿಯ 3,300 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಬರೀ 9 ಸೆಂಟಿಮೀಟರ್, ಅಲ್ಲಿ ಮಿಲಿಮೀಟರ್ ಲೆಕ್ಕಕ್ಕೆ ಬರುತ್ತದೆ. ಆಂಟೆನಾದ ಎದುರು ಕಬ್ಬಿಣದ ಪಟ್ಟಿ, ಜಿಐ ಬೋಲ್ಟ್ ಒಂದೂ ಇರಬಾರದು. ತುಕ್ಕು ಹಿಡಿದ ಬೋಲ್ಟ್ ಎರಡು ಆವರ್ತನ ಬೆರೆಸಿ ಮೂರನೆಯದನ್ನು ಹುಟ್ಟಿಸುತ್ತದೆ, ರಿಸೀವರಿಗೆ ಅದು ಬರೀ ಗದ್ದಲ. ನಾವು ನೈಲಾನ್ ಬೋಲ್ಟ್ ಹಾಕಿದೆವು. ತೋರಿಕೆಗೆ ಇಳಿಬಿಟ್ಟ ಪೈಪೂ ಪಿವಿಸಿಯದೇ.

ಎಡವಿದ್ದು ಬಣ್ಣದಲ್ಲಿ. ಬಿಸಿಲಿಗೆ ಛಲೋ ಅಂತ ಪೇಂಟರ್ ಬೆಳ್ಳಿ ಬಣ್ಣ ಬಳಿದಿದ್ದ. ಅದರೊಳಗಿರುವುದು ಅಲ್ಯೂಮಿನಿಯಂ ಪುಡಿ, ಸಿಗ್ನಲ್ ಕುಸಿಯಿತು, ಪೂರ್ತಿ ಕೆರೆಸಬೇಕಾಯಿತು. ಈಗ ತಿಳಿ ಬೂದು ಬಣ್ಣವನ್ನು ಜೆಲ್‌ಕೋಟ್‌ನಲ್ಲೇ, ಅಂದರೆ ಎಫ್‌ಆರ್‌ಪಿಯ ಹೊರಗಿನ ರಾಳದ ಪದರದಲ್ಲೇ, ಕಲಸುತ್ತೇವೆ. ಜೆಲ್‌ಕೋಟ್ ತೆಳುವಾದರೆ ಎರಡು ಬೇಸಿಗೆಯಲ್ಲಿ ನಾರು ಮೇಲೆದ್ದು ಮಳೆನೀರು ಹಿಡಿದಿಡುತ್ತದೆ. ಆ ನೀರಿನ ಪೊರೆಯೂ ಸಿಗ್ನಲ್ ತಿನ್ನುತ್ತದೆ.

5ಜಿ ಆಂಟೆನಾದ ಹೊಟ್ಟೆಯಲ್ಲೇ ರೇಡಿಯೊ ಇರುವುದರಿಂದ ಅದು ಕಾದು ಬಿಸಿಯಾಗುತ್ತದೆ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವ ಊರಿದು. ಟಾಕಿಯ ತಳ ತೆರೆದಿಟ್ಟು ಪಾರಿವಾಳ ನುಗ್ಗದಂತೆ ನೈಲಾನ್ ಬಲೆ ಕಟ್ಟಿದೆವು, ಮುಚ್ಚಳವನ್ನು 15 ಸೆಂಟಿಮೀಟರ್ ಎತ್ತಿ ಕೂರಿಸಿದೆವು.

ಗಾಳಿಯನ್ನು ಹಗುರಾಗಿ ನೋಡಬೇಡಿ. ಸೆಕೆಂಡಿಗೆ 40 ಮೀಟರ್ ಬೀಸಿದರೆ ಈ ಟಾಕಿಯ ಮೇಲೆ ಸುಮಾರು 250 ಕೆಜಿ ತಳ್ಳುಬಲ ಬೀಳುತ್ತದೆ. ನೀರು ತುಂಬಿದ ಟಾಕಿ ತನ್ನ ಭಾರಕ್ಕೇ ನಿಲ್ಲುತ್ತದೆ, ಇದು ಖಾಲಿ. ಶಹಾಬಾದ್ ಪರಸಿ ಹಾಸಿದ ಹಳೆ ಮಾಳಿಗೆಯಾದರೆ ಕೈ ಹಾಕುವುದೇ ಬೇಡ. ಆರ್‌ಸಿಸಿ ಮನೆಯಲ್ಲೂ ಸ್ಲ್ಯಾಬಿಗಲ್ಲ, ಕಂಬದ ತಲೆಗೇ ಆಂಕರ್ ಬೋಲ್ಟ್ ಹಾಕಬೇಕು.

ಮುಚ್ಚುವ ಮೊದಲು, ಮುಚ್ಚಿದ ಮೇಲೆ, ಅವೇ ಜಾಗಗಳಲ್ಲಿ ನಿಂತು ಸಿಗ್ನಲ್ ಅಳೆಯಿರಿ. 1 ಡೆಸಿಬೆಲ್ ಇಳಿದರೆ ಐದರಲ್ಲೊಂದು ಪಾಲು ಶಕ್ತಿ ಹೋಯಿತೆಂದೇ ಲೆಕ್ಕ, ಅದಕ್ಕಿಂತ ಹೆಚ್ಚಾದರೆ ಬಿಚ್ಚಿ ನೋಡಿ. ಮುಚ್ಚುವ ಮೊದಲೇ ಸಿಗ್ನಲ್ ಕಡಿಮೆಯಿದ್ದು, ಎದುರು ಮನೆಯ ಅಸಲಿ ಟಾಕಿ ಅಡ್ಡ ಬಂದಿದ್ದರೆ ತಪ್ಪು ನಿಮ್ಮದಲ್ಲ, ತುಂಬಿದ ನೀರು ಅಲೆಯನ್ನು ದಾಟಗೊಡುವುದಿಲ್ಲ.

ಎಚ್ಚರಿಕೆ ಫಲಕವನ್ನು ಮಾತ್ರ ಮರೆಮಾಡುವಂತಿಲ್ಲ. ಮೆಟ್ಟಿಲ ಬಾಗಿಲಿಗೆ ಒಂದು, ಟಾಕಿಗೇ ಒಂದು ಹಾಕಿದ್ದೇವೆ. ಟಾಕಿ ತೊಳೆಯಲು ಬಂದವನು ಇದರ ಮುಚ್ಚಳವನ್ನೂ ತೆಗೆದಾನು.