ಡಬ್ಬಿ ತಂದವರಿಗೆ ಹನ್ನೊಂದನೆಯ ಸಲ ಕಾಫಿ

ಕಳೆದ ವರ್ಷ ನಮ್ಮ ಬಡಾವಣೆಯ ಹೋಟೆಲೊಂದಕ್ಕೆ ಸ್ಟೀಲ್ ಡಬ್ಬಿ ಹಿಡಿದು ಹೋಗಿ ನಾಲ್ಕು ಇಡ್ಲಿ ಪಾರ್ಸೆಲ್ ಕೇಳಿದೆ. ಕೌಂಟರಿನ ಹುಡುಗ ಡಬ್ಬಿಯನ್ನು ವಿನಯದಿಂದಲೇ ತೆಗೆದುಕೊಂಡ. ಇಡ್ಲಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ, ಚಟ್ನಿಗೊಂದು ಸಾಂಬಾರಿಗೊಂದು ಕವರ್ ತುಂಬಿಸಿ ರಬ್ಬರ್ ಬ್ಯಾಂಡ್ ಬಿಗಿದ, ಎಲ್ಲವನ್ನೂ ನನ್ನ ಡಬ್ಬಿಯೊಳಗೆ ನೀಟಾಗಿ ಜೋಡಿಸಿ ಮುಚ್ಚಳ ಹಾಕಿ ಕೊಟ್ಟ. ಬಿಲ್ಲಿನಲ್ಲಿ ಪಾರ್ಸೆಲ್ ಶುಲ್ಕವೂ ಇತ್ತು. ಹುಡುಗನನ್ನು ಬೈದು ಪ್ರಯೋಜನವಿಲ್ಲ; ಡಬ್ಬಿ ತಂದವರಿಗೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಿರಾಕಿ ಮತ್ತೆ ಬರಲಿ ಎಂದು ಹೋಟೆಲುಗಳು ಕೊಡುವ ಪಾಯಿಂಟು, ಕಾರ್ಡುಗಳನ್ನು ಮನೆಯ ಡಬ್ಬಿ ತರುವ ಅಭ್ಯಾಸ ಬೆಳೆಸಲು ಹೂಡಬಹುದು. ಈಗಿರುವ ಕಾರ್ಡುಗಳಲ್ಲಿ ಒಂದು ತೊಡಕಿದೆ. ಹತ್ತು ಪಾರ್ಸೆಲ್ ಒಯ್ದವರು ಹತ್ತು ಪ್ಲಾಸ್ಟಿಕ್ ಡಬ್ಬಿಗಳನ್ನು ಕಸಕ್ಕೆ ಎಸೆದೇ ಬಹುಮಾನ ಗೆಲ್ಲುತ್ತಾರೆ. ಮುದ್ರೆ ಒತ್ತುವುದಾದರೆ ಉಳಿಸಿದ ಪ್ಲಾಸ್ಟಿಕ್ ಡಬ್ಬಿಯ ಲೆಕ್ಕಕ್ಕೆ ಒತ್ತಬೇಕು. ಸಣ್ಣ ಹೋಟೆಲೊಂದು ಇದನ್ನು ಹೀಗೆ ಮಾಡಬಹುದು.

ಮೊದಲು ಲೆಕ್ಕ

ಒಂದು ಪಾರ್ಸೆಲಿನ ಖರ್ಚನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ: ಡಬ್ಬಿ, ಚಟ್ನಿ ಕವರ್, ಸಾಂಬಾರ್ ಕವರ್, ರಬ್ಬರ್ ಬ್ಯಾಂಡ್, ಕೈಚೀಲ. ಎಲ್ಲ ಸೇರಿ 6 ರೂಪಾಯಿ ಎಂದುಕೊಳ್ಳೋಣ. ನಿಮ್ಮ ಸಗಟು ಬಿಲ್ ನೋಡಿ ತಿದ್ದಿಕೊಳ್ಳಿ. ಗಿರಾಕಿ ಹತ್ತು ಸಲ ಡಬ್ಬಿ ತಂದರೆ 60 ರೂಪಾಯಿ ಉಳಿಯಿತು. ಹಾಲು, ಡಿಕಾಕ್ಷನ್, ಸಕ್ಕರೆ, ಗ್ಯಾಸ್ ಸೇರಿ ಒಂದು ಕಾಫಿಗೆ 12 ರೂಪಾಯಿ ಬಿದ್ದರೆ, ಹನ್ನೊಂದನೆಯ ಸಲ ಪುಕ್ಕಟೆ ಕಾಫಿ ಕೊಟ್ಟೂ 48 ರೂಪಾಯಿ ಗಲ್ಲಾದಲ್ಲೇ ಇರುತ್ತದೆ. ಪಾರ್ಸೆಲ್ ಶುಲ್ಕವನ್ನು ಪ್ರತ್ಯೇಕವಾಗಿ ಪಡೆಯುವ ಹೋಟೆಲಿನವರಿಗೆ ಈ ಉಳಿತಾಯ ಸಿಗುವುದಿಲ್ಲ. ಅದು ಗಿರಾಕಿಯ ಹಣ, ಡಬ್ಬಿ ತಂದವರಿಂದ ಪಡೆಯಲೇಬಾರದು. ಅಂಥವರು ಕಾಫಿಯ ಖರ್ಚನ್ನು ಜಾಹೀರಾತಿನ ಖಾತೆಗೆ ಹಾಕಿಕೊಳ್ಳಲಿ.

ಆ ಕಾಫಿ ಸ್ಟೀಲ್ ಲೋಟದಲ್ಲೇ ಬರಲಿ. ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪನ ಇರುತ್ತದೆ.

ಕಾರ್ಡು

ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಟ್ಟಿ ಕಾಗದ, ದುಡ್ಡು ಬೇಡ. ಹತ್ತು ಚೌಕ ಗೀಚಿ, ರಬ್ಬರ್ ಸ್ಟ್ಯಾಂಪ್ ಒತ್ತಿದರಾಯಿತು. ಪರಿಸರ ಉಳಿಸಲು ಹೊಳೆಯುವ ಪ್ಲಾಸ್ಟಿಕ್ ಕಾರ್ಡು ಅಚ್ಚು ಹಾಕಿಸುವ ಉತ್ಸಾಹಿಗಳೂ ಇದ್ದಾರೆ, ಆ ದಾರಿ ಬೇಡ. ಆ್ಯಪ್ ಕೂಡ ಸಣ್ಣ ಹೋಟೆಲಿಗೆ ಬೇಕಿಲ್ಲ. ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ.

ಕೌಂಟರಿನ ಪಾಠ

ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಡಬ್ಬಿ ತೊಳೆದು ಒಣಗಿರಬೇಕು. ಕೊಳಕಾಗಿದ್ದರೆ ಬೇಡವೆನ್ನುವ ಅಧಿಕಾರ ಹುಡುಗನಿಗೆ ಇರಬೇಕು, ಮಾಲೀಕರು ಅವನ ಬೆನ್ನಿಗೆ ನಿಲ್ಲಬೇಕು. ಗಿರಾಕಿಯೇ ಮುಚ್ಚಳ ತೆಗೆದು ಡಬ್ಬಿಯನ್ನು ಒಂದು ತಟ್ಟೆಯ ಮೇಲೆ ಇಡಲಿ. ತಟ್ಟೆಯ ಸಮೇತ ಒಳಗೆ ಹೋಗಿ, ತಟ್ಟೆಯ ಸಮೇತ ಹೊರಗೆ ಬರಲಿ. ಸೌಟು ಡಬ್ಬಿಯ ಅಂಚಿಗೆ ತಾಗದಂತೆ ಮೇಲಿನಿಂದ ಹೊಯ್ಯುವುದನ್ನು ಎರಡು ದಿನ ಪಕ್ಕದಲ್ಲಿ ನಿಂತು ಕಲಿಸಿ. ಒಬ್ಬರ ಡಬ್ಬಿಗೆ ತಾಗಿದ ಸೌಟು ಮತ್ತೆ ಸಾಂಬಾರಿನ ಪಾತ್ರೆಗೆ ಇಳಿಯಬಾರದು. ಪ್ರಮಾಣದ ಜಗಳ ತಪ್ಪಿಸಲು ಸಾಂಬಾರಿಗೊಂದು, ಚಟ್ನಿಗೊಂದು ಅಳತೆಯ ಸೌಟು ಇಡಿ. ಡಬ್ಬಿ ದೊಡ್ಡದಿದ್ದಷ್ಟೂ ಸಾಂಬಾರ್ ಕಡಿಮೆ ಕಾಣುವುದು ಗಿರಾಕಿಯ ಕಣ್ಣಿನ ದೋಷ, ಅದಕ್ಕೆ ಅಳತೆಯೇ ಉತ್ತರ.

ಗಿರಾಕಿಯ ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರ್ ಸೇರಿದರೆ ಮುದ್ರೆ ಇಲ್ಲ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ರಾಜ್ಯ ಸರ್ಕಾರ 2025ರಲ್ಲಿ ಕಟ್ಟುನಿಟ್ಟು ಮಾಡಿತು. ಬಿಸಿಯ ಭಯ ಅಲ್ಲಿದ್ದರೆ, ಕುದಿಯುವ ಸಾಂಬಾರನ್ನು ತೆಳು ಕವರಿಗೆ ಹೊಯ್ಯುವಾಗಲೂ ಇರಬೇಕಲ್ಲವೇ?

ಬೋರ್ಡಿನ ಮೇಲೆ ಏನು ಬರೆಯುವುದು

'ಡಬ್ಬಿ ತಂದರೆ 6 ರೂಪಾಯಿ ರಿಯಾಯಿತಿ' ಎಂದು ಬರೆಯುವ ಬದಲು 'ಪಾರ್ಸೆಲ್ ಡಬ್ಬಿಗೆ 6 ರೂಪಾಯಿ ಹೆಚ್ಚುವರಿ' ಎಂದು ಬರೆಯಿರಿ. ಹಣ ಅಷ್ಟೇ, ಪರಿಣಾಮ ಬೇರೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಕಾಫಿ ಅಂಗಡಿಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಬಿಸಾಡುವ ಲೋಟಕ್ಕೆ ಶುಲ್ಕ ಹಾಕಿದಲ್ಲಿ ಜನ ಸ್ವಂತ ಲೋಟ ತಂದರು, ರಿಯಾಯಿತಿ ಕೊಟ್ಟಲ್ಲಿ ಹೆಚ್ಚಿನ ಬದಲಾವಣೆಯೇ ಕಾಣಲಿಲ್ಲ. ಸ್ವಂತ ಲೋಟ ತಂದವರಿಗೆ ಸ್ಟಾರ್‌ಬಕ್ಸ್ 1985ರಿಂದಲೂ ಬೆಲೆ ಇಳಿಸುತ್ತಾ ಬಂದಿದೆ. ಅದರ ಕಾಗದದ ಲೋಟಗಳೇನೂ ಮಾಯವಾಗಲಿಲ್ಲ. ಕೈಯಿಂದ ಹೋಗುವ 6 ರೂಪಾಯಿ ಕಾಡುವಷ್ಟು ಕೈಗೆ ಬರುವ 6 ರೂಪಾಯಿ ಹಿಗ್ಗಿಸುವುದಿಲ್ಲ. ಹಾಗಾಗಿ ಶುಲ್ಕ ಅಭ್ಯಾಸ ಹಿಡಿಸಲಿ, ಕಾರ್ಡು ಅದನ್ನು ಉಳಿಸಲಿ. ಹೀಗೆ ಶುಲ್ಕ ಹಾಕಿದವರಿಗೆ ಮೊದಲ ಲೆಕ್ಕದ 48 ರೂಪಾಯಿ ಉಳಿಯುವುದಿಲ್ಲ, ಅವರ ಕಾಫಿಯೂ ಜಾಹೀರಾತಿನ ಖಾತೆಗೇ.

ಮರೆತು ಬಂದವರು

ಆಫೀಸಿನಿಂದ ನೇರವಾಗಿ ಬರುವವರ ಬಳಿ ಡಬ್ಬಿ ಎಲ್ಲಿಂದ ಬರಬೇಕು? ಅವರಿಗೆಂದು ಹೋಟೆಲಿನ ಹೆಸರು ಕೊರೆದ ಇಪ್ಪತ್ತು ಸ್ಟೀಲ್ ಡಬ್ಬಿ ಇಡಿ. ಠೇವಣಿ ಡಬ್ಬಿಯ ಬೆಲೆಯಷ್ಟೇ ಇರಲಿ. ಕಡಿಮೆಯಾದರೆ ಡಬ್ಬಿ ಅವರ ಅಡುಗೆಮನೆಯಲ್ಲೇ ನೆಲೆಸುತ್ತದೆ. ತಂದುಕೊಟ್ಟ ದಿನ ಹಣ ವಾಪಸ್, ಕಾರ್ಡಿಗೆ ಮುದ್ರೆ. ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಹಿಂತಿರುಗಿಸುತ್ತಿವೆ. ಕುಡಿದವರೇ ನೆನಪಿಟ್ಟು ತರುತ್ತಾರೆಂದರೆ ಇಡ್ಲಿ ತಿಂದವರು ತರಲಾರರೇ? ನಮ್ಮ ಉತ್ತರ ಕರ್ನಾಟಕದ ಖಾನಾವಳಿಗಳಿಗೂ ಇದು ಹೊಸತಲ್ಲ. ತಿಂಗಳ ಲೆಕ್ಕದವರ ಮನೆಗೆ ತುಂಬಿದ ಡಬ್ಬಿ ಹೋಗುತ್ತದೆ, ನಿನ್ನೆಯ ಖಾಲಿ ಡಬ್ಬಿ ಬರುತ್ತದೆ.

ಕಾನೂನಿನ ಕಡೆ ಒಂದು ಮಾತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದದ್ದು ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವು. ಆ ಪಟ್ಟಿಯಲ್ಲಿ ಮುಚ್ಚಳದ ಪಾರ್ಸೆಲ್ ಡಬ್ಬಿಯ ಹೆಸರಿಲ್ಲ. ಹಾಗಾಗಿ ಕೌಂಟರಿನಲ್ಲಿ ಅದರ ರಾಶಿ ಕರಗಬೇಕಾದರೆ ಇಂಥ ಉಪಾಯವೇ ಗತಿ.

ತಿಂಗಳ ಕೊನೆಗೆ

ಎಷ್ಟು ಕಾರ್ಡು ಹಂಚಿದಿರಿ ಎಂಬುದು ಮುಖ್ಯವಲ್ಲ. ಸಗಟು ಅಂಗಡಿಯಿಂದ ಎಷ್ಟು ಪಾರ್ಸೆಲ್ ಡಬ್ಬಿ ತರಿಸಿದಿರಿ ಎಂದು ಹಿಂದಿನ ತಿಂಗಳ ಬಿಲ್ ಪಕ್ಕದಲ್ಲಿಟ್ಟು ನೋಡಿ. ಒಟ್ಟು ಪಾರ್ಸೆಲ್‌ಗಳ ಸಂಖ್ಯೆ ಹಾಗೆಯೇ ಇದ್ದು, ಡಬ್ಬಿಯೂ ಅಷ್ಟೇ ಖರ್ಚಾಗಿದ್ದರೆ ನೀವು ಬರೀ ಕಾಫಿ ಹಂಚುತ್ತಿದ್ದೀರಿ; ಕೌಂಟರಿನ ಪಾಠಕ್ಕೆ ಮರಳಿ. ಗೌರಿ ಗಣೇಶ, ದಸರಾ ಬಂದ ತಿಂಗಳನ್ನು ಮಾತ್ರ ಹೋಲಿಕೆಗೆ ಹಿಡಿಯಬೇಡಿ, ಆಗ ಪಾರ್ಸೆಲ್‌ಗಳ ಲೆಕ್ಕವೇ ಏರುಪೇರಾಗಿರುತ್ತದೆ.