ಹಳೇ ಬೇಸ್‌ಬಾಲ್ ಅಭಿಮಾನಿಯನ್ನು ಮಾತಿಗೆ ಎಳೆಯುವುದು ಹೇಗೆ

ಪಿಟ್ಸ್‌ಬರ್ಗ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆಯವರನ್ನು ಒಂದು ಪ್ರಶ್ನೆ ಕೇಳಿದ್ದೆ. "ನಿಮಗೆ ತುಂಬಾ ಇಷ್ಟದ ಆಟಗಾರ ಯಾರು?" ಅವರು "ಕ್ಲೆಮೆಂಟೆ" ಅಂದರು. ಮಾತು ಅಲ್ಲಿಗೇ ಮುಗಿಯಿತು. ಎರಡು ವಾರ ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿದೆ. "ಮೊದಲನೇ ಸಲ ನಿಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದವರು ಯಾರು?" ಅವತ್ತು ಅವರ ಜಗಲಿಯಿಂದ ನಾನು ಎದ್ದಾಗ ಕತ್ತಲಾಗಿತ್ತು.

ಆಮೇಲೆ ಎಷ್ಟೋ ವರ್ಷ ಆ ಜಗಲಿಯಲ್ಲಿ ಕೂತು ಕೇಳಿದ್ದೇನೆ. ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಅಮೆರಿಕದಲ್ಲಿ ನಿಮ್ಮ ಪಕ್ಕದಲ್ಲೂ ಇಂಥ ಒಬ್ಬರು ಇರುತ್ತಾರೆ. ಆಫೀಸಿನ ಹಿರಿಯರಿರಬಹುದು, ಸೊಸೆಯ ಅಪ್ಪ ಇರಬಹುದು. ಅವರ ಹತ್ತಿರ ಕೂತು ಹಳೇ ಆಟ, ಹಳೇ ತಂಡಗಳ ಮಾತು ಹೊರಡಿಸುವುದು ಹೇಗೆ ಅಂತ ನಾನು ಕಲಿತದ್ದನ್ನು ಹೇಳುತ್ತೇನೆ. ಬೇಸ್‌ಬಾಲ್ ಚೆನ್ನಾಗಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕೇಳಿಸಿಕೊಳ್ಳುವ ಆಸೆ ಇದ್ದರೆ ಸಾಕು.

ಮೊದಲನೆಯದಾಗಿ, ಆಟಗಾರನಿಂದ ಶುರು ಮಾಡಬೇಡಿ. ಜಾಗದಿಂದ ಶುರು ಮಾಡಿ. ಎಲ್ಲಿ ಕೂತಿದ್ದಿರಿ? ಪಕ್ಕದಲ್ಲಿ ಯಾರಿದ್ದರು? ಟ್ರಾಲಿ ಇಳಿದು ಎಷ್ಟು ದೂರ ನಡೆದಿರಿ? ಅಜ್ಜನ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಮಗನನ್ನು ಫೋರ್ಬ್ಸ್ ಫೀಲ್ಡ್‌ಗೆ ಕರೆದುಕೊಂಡು ಹೋದರಂತೆ. 1909ರಲ್ಲಿ ಕಟ್ಟಿದ, ಪೈರೇಟ್ಸ್ ತಂಡದ ಹಳೇ ಮೈದಾನ ಅದು. ಅಪ್ಪ ಮಗ ಇಬ್ಬರೂ ರೈಟ್ ಫೀಲ್ಡ್ ಕಡೆ ಕೂತರು. ಆ ಕಡೆ ಫೀಲ್ಡಿಂಗ್ ಮಾಡುತ್ತಿದ್ದವನೇ ರೊಬರ್ಟೊ ಕ್ಲೆಮೆಂಟೆ. ಎರಡನೇ ಇನ್ನಿಂಗ್ ಹೊತ್ತಿಗೆ ಅಪ್ಪ ನಿದ್ದೆ ಹೋದರು. ಉಳಿದ ಆಟ ಪೂರ್ತಿ ಹುಡುಗ ಕ್ಲೆಮೆಂಟೆಯ ಬೆನ್ನ ಮೇಲಿನ 21 ಅನ್ನೋ ಅಂಕಿ ನೋಡುತ್ತ ಕೂತಿದ್ದ. ಈಗ ಹೇಳಿ, "ಇಷ್ಟದ ಆಟಗಾರ ಯಾರು" ಅಂತ ಕೇಳಿದರೆ ಇದೆಲ್ಲ ಬರುತ್ತದಾ?

ಎರಡನೇ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. "ಅವನು ಹೇಗೆ ನಿಲ್ಲುತ್ತಿದ್ದ, ಮಾಡಿ ತೋರಿಸಿ" ಅಂತ ಕೇಳಿ. ಅಂಕಿ ಅಂಶ ಮರೆತರೂ ಮೈಗೆ ನೆನಪಿರುತ್ತದೆ. ಅಜ್ಜ ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡರು. ಮಂಡಿ ನೋವಿನವರು, ಆದರೂ ಎದ್ದು ನಿಂತರು. ಕತ್ತನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊರಳಿಸಿದರು. ನಟಿಕೆ ತೆಗೆಯುವ ಹಾಗೆ. ಕ್ಲೆಮೆಂಟೆ ಬ್ಯಾಟಿಂಗ್‌ಗೆ ನಿಲ್ಲುವ ಮುಂಚೆ ಹೀಗೇ ಮಾಡುತ್ತಿದ್ದ. ಆಮೇಲೆ ಅದೇ ಕೊಡೆಯನ್ನು ಗಾಳಿಯಲ್ಲಿ ಚಕ್ರದ ಹಾಗೆ ತಿರುಗಿಸಿದರು. ಅದು ವಿಲ್ಲಿ ಸ್ಟಾರ್ಜೆಲ್. ಎಸೆತ ಬರುವವರೆಗೂ ಬ್ಯಾಟನ್ನು ಗಿರಗಿರನೆ ತಿರುಗಿಸುತ್ತಿದ್ದವನು. ಬೇರೆ ಊರಿನವರಾದರೆ ಬೇರೆ ಹೆಸರು ಹಿಡಿಯಿರಿ. ಸಿನ್ಸಿನಾಟಿಯವರಿಗೆ ಜೋ ಮಾರ್ಗನ್ ಮೊಣಕೈಯನ್ನು ಕೋಳಿ ರೆಕ್ಕೆ ಹಾಗೆ ಬಡಿಯುತ್ತಿದ್ದದ್ದು ಕೇಳಿ. ಬಾಸ್ಟನ್‌ನವರಿಗೆ ಲೂಯಿಸ್ ಟಿಯಾಂಟ್ ಬ್ಯಾಟ್ಸ್‌ಮನ್‌ಗೆ ಬೆನ್ನು ತಿರುಗಿಸಿ, ಮತ್ತೆ ಹೊರಳಿ ಎಸೆಯುತ್ತಿದ್ದದ್ದು ಕೇಳಿ. ಸ್ಯಾನ್ ಫ್ರಾನ್ಸಿಸ್ಕೊದವರಾದರೆ ಹ್ವಾನ್ ಮಾರಿಚಾಲ್ ಎಸೆಯುವಾಗ ಕಾಲು ಆಕಾಶಕ್ಕೆ ಎತ್ತುತ್ತಿದ್ದದ್ದು. ಎಂಬತ್ತರ ಹಿರಿಯರು ಕುರ್ಚಿಯಿಂದ ಏಳುತ್ತಾರೆ, ನೋಡಿ. ಪಕ್ಕದಲ್ಲಿ ನಿಂತಿರಿ, ಬೀಳದ ಹಾಗೆ ನೋಡಿಕೊಳ್ಳಿ.

ಹೋಗುವ ಮುಂಚೆ ಸ್ವಲ್ಪ ಓದಿಕೊಂಡಿರಿ. ಜಾಸ್ತಿ ಬೇಡ. ಆ ಊರಿನ ತಂಡ ಗೆದ್ದ ಎರಡು ಮೂರು ವರ್ಷ, ಎದೆ ಒಡೆದ ಒಂದು ವರ್ಷ, ಅಷ್ಟು ಸಾಕು. ಪಿಟ್ಸ್‌ಬರ್ಗ್‌ಗೆ 1960, 1971, 1979 ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಫೈನಲ್, ಗೆದ್ದ ವರ್ಷಗಳು. 1992 ಎದೆ ಒಡೆದ ವರ್ಷ. ವರ್ಲ್ಡ್ ಸೀರೀಸ್‌ಗೆ ಹೋಗಲು ಗೆಲ್ಲಲೇಬೇಕಾಗಿದ್ದ ಏಳನೇ ಪಂದ್ಯ, ಅಟ್ಲಾಂಟಾದಲ್ಲಿ, ಒಂಬತ್ತನೇ ಇನ್ನಿಂಗ್ ಶುರುವಾದಾಗ ಪೈರೇಟ್ಸ್ 2-0 ಮುಂದಿದ್ದರು. ಕೊನೆಗೆ ಅಟ್ಲಾಂಟಾದ ಸಿಡ್ ಬ್ರೀಮ್ ಜಾರಿಕೊಂಡು ಬಂದು ಗೆಲುವಿನ ರನ್ ಗಳಿಸಿದ. 3-2. ಈ ಬ್ರೀಮ್ ಮೊದಲು ಪೈರೇಟ್ಸ್‌ನಲ್ಲೇ ಆಡಿದ್ದವನು. ಅದಾದ ಮೇಲೆ ಸತತವಾಗಿ 20 ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಇಂಥ ವರ್ಷವನ್ನು ಮೊದಲ ದಿನವೇ ಎತ್ತಬೇಡಿ. ಸಲಿಗೆ ಬೆಳೆದ ಮೇಲೆ ಅವರೇ ಹೇಳುತ್ತಾರೆ. ಅಜ್ಜ ನನಗೆ ಬ್ರೀಮ್ ಹೆಸರು ಹೇಳಿದ್ದು ನಾಲ್ಕನೇ ವರ್ಷ.

ರೇಡಿಯೊ ಬಗ್ಗೆ ತಪ್ಪದೆ ಕೇಳಿ. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ವಿಶ್ವನಾಥ್ ಮದರಾಸಿನಲ್ಲಿ ಔಟಾಗದೆ 97 ಹೊಡೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಆದರೂ ನೋಡಿದವರ ಹಾಗೆ ಹೇಳುತ್ತಿದ್ದರು. ಬೇಸ್‌ಬಾಲ್ ಪಂದ್ಯ ಮೊದಲು ರೇಡಿಯೊದಲ್ಲಿ ಬಂದದ್ದು ಇದೇ ಪಿಟ್ಸ್‌ಬರ್ಗ್‌ನಿಂದ, 1921ರ ಆಗಸ್ಟ್ 5ರಂದು, ಕೆಡಿಕೆಎ ಕೇಂದ್ರದಿಂದ. ಅಜ್ಜನ ಕಾಲದ ದನಿ ಬಾಬ್ ಪ್ರಿನ್ಸ್ ಅವರದು. ಕ್ಲೆಮೆಂಟೆ ಬ್ಯಾಟಿಂಗ್‌ಗೆ ಬಂದರೆ "ಅರ್ರೀಬಾ!" ಅಂತ ಕೂಗುತ್ತಿದ್ದರಂತೆ. ಪ್ರತಿ ಊರಿಗೂ ಇಂಥ ಒಂದು ದನಿ ಇರುತ್ತದೆ. "ನಿಮ್ಮ ಊರಿನ ಕಾಮೆಂಟರಿ ಯಾರದು, ಹೇಗೆ ಮಾತಾಡುತ್ತಿದ್ದರು?" ಅಂತ ಕೇಳಿ. ಗಂಟಲು ಸರಿ ಮಾಡಿಕೊಂಡು ಅದೇ ಧಾಟಿಯಲ್ಲಿ ಹೇಳಿ ತೋರಿಸುತ್ತಾರೆ.

ಇನ್ನು ಹಳೇ ಸ್ಕೋರ್‌ಕಾರ್ಡ್. ಅಭಿಮಾನಿಗಳ ಮನೆಯಲ್ಲಿ ಇದು ಎಲ್ಲೋ ಒಂದು ಬೂಟಿನ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಆಟ ನೋಡುತ್ತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಾಗದ. ಓದುವುದು ಕಷ್ಟವಲ್ಲ. ಫೀಲ್ಡಿಂಗ್ ಜಾಗಗಳಿಗೆ ಒಂದೊಂದು ಅಂಕಿ. 1 ಪಿಚರ್ (ಚೆಂಡು ಎಸೆಯುವವನು), 2 ಕ್ಯಾಚರ್ (ಆ ಎಸೆತ ಹಿಡಿಯುವವನು), 3, 4, 5 ಅಂದರೆ ಮೂರು ಬೇಸ್‌ಗಳವರು, 6 ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವನು). ಹಿಂದೆ ನಿಲ್ಲುವ ಮೂವರು ಎಡದಿಂದ ಬಲಕ್ಕೆ 7, 8, 9. 6-4-3 ಅಂತ ಬರೆದಿದ್ದರೆ ಶಾರ್ಟ್‌ಸ್ಟಾಪ್ ಹಿಡಿದು, ಎರಡನೇ ಬೇಸ್‌ಗೆ ಕೊಟ್ಟು, ಅವನು ಮೊದಲನೇ ಬೇಸ್‌ಗೆ ಎಸೆದ ಅಂತ ಅರ್ಥ. ಇಬ್ಬರು ಔಟ್. ಇಂಗ್ಲಿಷಿನ ಕೆ ಅಕ್ಷರ ಇದ್ದರೆ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ಅದೇ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೆ, ಬ್ಯಾಟ್ ಬೀಸದೆ ನಿಂತೇ ಔಟಾದ. ಇಷ್ಟು ಕಲಿತುಕೊಂಡು ಹೋಗಿ. ಕಾರ್ಡನ್ನು ಅವರ ಕೈಗೇ ಕೊಟ್ಟು, "ಈ ಮನೆಯಲ್ಲಿ ಏನಾಯಿತು?" ಅಂತ ಬೆರಳಿಟ್ಟು ಕೇಳಿ. ಅಳಿಸಿ ಬರೆದ ಜಾಗ ಇದ್ದರೆ ಮೊದಲು ಅದನ್ನೇ ಕೇಳಿ.

ಅಜ್ಜನ ಕಾರ್ಡಿನಲ್ಲಿ ಅಂಥದೊಂದು ಇತ್ತು. ಅದರ ಕಥೆ ಸ್ವಲ್ಪ ಉದ್ದ.

ಕ್ಲೆಮೆಂಟೆ ತನ್ನ 3,000ನೇ ಹಿಟ್ ಹೊಡೆದದ್ದು 1972ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್ ಮೆಟ್ಸ್ ವಿರುದ್ಧ. ಹಿಟ್ ಅಂದರೆ ಫೀಲ್ಡರ್ ತಪ್ಪಿಲ್ಲದೆ, ಹೊಡೆತದ ಬಲದಿಂದಲೇ ಬೇಸ್ ತಲುಪುವುದು. ಅಜ್ಜ ಆ ದಿನ ಅಪ್ಪನ ಜೊತೆ ಪೈರೇಟ್ಸ್‌ನ ಆಗಿನ ಮೈದಾನ ಥ್ರೀ ರಿವರ್ಸ್ ಸ್ಟೇಡಿಯಂನಲ್ಲಿದ್ದರು. "ರಾತ್ರಿ, ದೀಪ ಎಲ್ಲ ಹತ್ತಿತ್ತು. ಕಾಲಿಡೋಕೆ ಜಾಗ ಇರಲಿಲ್ಲ" ಅಂತ ಎಷ್ಟೋ ಸಲ ಹೇಳಿದ್ದರು. ಒಂದು ದಿನ ನಾನು ಮನೆಗೆ ಬಂದು ಆ ಪಂದ್ಯದ ಬಾಕ್ಸ್ ಸ್ಕೋರ್ ತೆಗೆದು ನೋಡಿದೆ. ಹಳೇ ಪಂದ್ಯಗಳ ದಾಖಲೆ ಬೇಕಾದರೆ ರೆಟ್ರೋಶೀಟ್ ಅನ್ನುವ ಸಂಸ್ಥೆ ಇದೆ. 1989ರಿಂದ ಒಂದೊಂದೇ ಪಂದ್ಯದ ಲೆಕ್ಕ ಕಲೆಹಾಕಿ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ನೋಡಿದರೆ ಅದು ಶನಿವಾರ ಮಧ್ಯಾಹ್ನದ ಆಟ. ಬಂದಿದ್ದ ಜನ 13,117. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಮುಕ್ಕಾಲು ಪಾಲು ಸೀಟು ಖಾಲಿ.

ಇಂಥ ಹೊತ್ತಲ್ಲಿ ಏನು ಮಾಡಬೇಕು? "ನೀವು ಹೇಳಿದ್ದು ತಪ್ಪು" ಅಂತ ಫೋನ್ ಮುಂದೆ ಹಿಡಿಯಬೇಡಿ. ಸುಮ್ನೆ ಇದ್ದುಬಿಡುವುದೂ ಸರಿಯಲ್ಲ. ನಾನು ಹೀಗೆ ಕೇಳಿದೆ. "ಪುಸ್ತಕದಲ್ಲಿ ಮಧ್ಯಾಹ್ನದ ಆಟ ಅಂತ ಇದೆ. ದೀಪ ಹತ್ತಿದ್ದು ಯಾವಾಗ ನೋಡಿದ್ರಿ?" ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಡಬ್ಬಿ ತಂದರು. ಅದರಲ್ಲಿ ಒಂದಲ್ಲ, ಎರಡು ಸ್ಕೋರ್‌ಕಾರ್ಡ್ ಇದ್ದವು. ಹಿಂದಿನ ರಾತ್ರಿಯ ಆಟಕ್ಕೂ ಅವರು ಹೋಗಿದ್ದರು. ಆ ರಾತ್ರಿ ಟಾಮ್ ಸೀವರ್ ಎಸೆತಕ್ಕೆ ಕ್ಲೆಮೆಂಟೆ ಹೊಡೆದ ಚೆಂಡು ಎರಡನೇ ಬೇಸ್ ಆಟಗಾರನ ಕೈಗೆ ಸಿಗದೆ ಹೋಯಿತು. 3,000 ಆಯಿತು ಅಂತ ಜನ ಎದ್ದು ಕೂಗಿದರು. ಸ್ಕೋರರ್ ಅದನ್ನು ಹಿಟ್ ಅಂತ ಒಪ್ಪಲಿಲ್ಲ, ಫೀಲ್ಡರ್ ತಪ್ಪು ಅಂತ ಬರೆದರು. ಅಜ್ಜನ ಕಾರ್ಡಿನಲ್ಲಿ ಆ ಮನೆಯಲ್ಲಿ ಮೊದಲು ಹಾಕಿದ ಗುರುತು, ಅದನ್ನು ರಬ್ಬರಿನಲ್ಲಿ ಉಜ್ಜಿದ ಕಲೆ, ಮೇಲೆ ಎರರ್ ಗುರುತು. ಕಾಗದ ಸ್ವಲ್ಪ ಹರಿದೇ ಹೋಗಿತ್ತು. "ಅಳಿಸಿದ್ದು ಅಪ್ಪ" ಅಂದರು. "ನಾನು ಅಳಿಸಲ್ಲ ಅಂತ ಹಟ ಮಾಡಿದೆ. ಅಪ್ಪ ಪೆನ್ಸಿಲ್ ಕಿತ್ತುಕೊಂಡ. ಇವತ್ತು ಆಗಲಿಲ್ಲ, ನಾಳೆ ಬರೋಣ ಅಂದ." ಮರುದಿನ ನಾಲ್ಕನೇ ಇನ್ನಿಂಗ್, ಜಾನ್ ಮ್ಯಾಟ್‌ಲ್ಯಾಕ್ ಎಸೆತ, ಡಬಲ್. ಕ್ಲೆಮೆಂಟೆ ಎರಡನೇ ಬೇಸ್ ಮೇಲೆ ನಿಂತು ಟೋಪಿ ಎತ್ತಿದ. ಖಾಲಿ ಸೀಟುಗಳ ನಡುವೆ ಅಪ್ಪ ಮಗ ಇಬ್ಬರೇ ಒಂದು ಸಾಲಿನಲ್ಲಿ ನಿಂತು ಚಪ್ಪಾಳೆ ಹೊಡೆದರು.

ಎರಡು ದಿನ ಸೇರಿ ಒಂದೇ ನೆನಪಾಗಿತ್ತು. ಆದ್ದರಿಂದ ಬರೆದಿಡುವಾಗ ಎರಡನ್ನೂ ಬರೆಯಿರಿ. ಎಡಗಡೆ ಅವರು ಹೇಳಿದ್ದು, ಅವರ ಮಾತಿನಲ್ಲೇ. ಬಲಗಡೆ ದಾಖಲೆಯಲ್ಲಿ ಇರುವುದು. ಎರಡೂ ಹೊಂದದ ಕಡೆ ಮತ್ತೆ ಕೇಳಬೇಕಾದ ಪ್ರಶ್ನೆ ಇದೆ ಅಂತ ಗುರುತು ಹಾಕಿ.

ಕ್ಲೆಮೆಂಟೆಗೆ ಅದೇ ಕೊನೆಯ ಸೀಸನ್. ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪದ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ, ಅವನೂ ಇದ್ದ ವಿಮಾನ ಪೋರ್ಟೊ ರಿಕೊ ಬಳಿ ಸಮುದ್ರಕ್ಕೆ ಬಿತ್ತು. ಅವನ ಲೆಕ್ಕ 3,000ಕ್ಕೇ ನಿಂತಿತು. ಗೆಳೆಯ ಮ್ಯಾನಿ ಸ್ಯಾಂಗಿಯೆನ್, ತಂಡದ ಕ್ಯಾಚರ್, ಎಲ್ಲರೂ ಸ್ಮರಣೆ ಪ್ರಾರ್ಥನೆಗೆ ಕೂತಾಗ ತಾನು ಸಮುದ್ರಕ್ಕಿಳಿದು ದೇಹ ಹುಡುಕುತ್ತಿದ್ದ. ಈ ಮಾತು ಬಂದಾಗ ಅಜ್ಜ ಸುಮ್ಮನಾಗುತ್ತಾರೆ. ನಾನೂ ಸುಮ್ಮನಾಗುತ್ತೇನೆ. ಆಗ ಮುಂದಿನ ಪ್ರಶ್ನೆಗೆ ಹಾರಬೇಡಿ.

ಊರು ಬಿಟ್ಟು ಹೋದ ತಂಡದವರ ಜೊತೆ ಕೂತರೆ ಸ್ವಲ್ಪ ಬೇರೆ ಥರ ಕೇಳಬೇಕು. ಬ್ರೂಕ್ಲಿನ್ ಡಾಡ್ಜರ್ಸ್ 1957ರ ನಂತರ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಬ್ರೂಕ್ಲಿನ್‌ನಲ್ಲಿದ್ದಾಗ ವರ್ಲ್ಡ್ ಸೀರೀಸ್ ಗೆದ್ದದ್ದು ಒಂದೇ ಸಲ, 1955ರಲ್ಲಿ. ಮಾಂಟ್ರಿಯಲ್ ಎಕ್ಸ್‌ಪೋಸ್ 2004ರ ನಂತರ ವಾಷಿಂಗ್ಟನ್‌ಗೆ ಹೋಯಿತು. ಇವರಿಗೆ ಗೆಲುವಿನ ಮಾತಿಗಿಂತ, "ತಂಡ ಹೋದ ಮೇಲೆ ಬಂದ ಮೊದಲ ಏಪ್ರಿಲ್ ಹೇಗಿತ್ತು?" ಅಂತ ಕೇಳಿ. ಏಪ್ರಿಲ್ ಅಂದರೆ ಹೊಸ ಸೀಸನ್ ಶುರುವಾಗುವ ಕಾಲ.

ಕಪ್ಪು ಜನಾಂಗದ ಹಿರಿಯರ ಜೊತೆ ಕೂತರೆ, ಆಗ ಕಪ್ಪು ಆಟಗಾರರಿಗೆಂದೇ ಬೇರೆ ಇದ್ದ ನೀಗ್ರೋ ಲೀಗ್ ತಂಡಗಳನ್ನು ಕೇಳದೆ ಬರಬೇಡಿ. ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಇದೇ ಊರಿನ ದೊಡ್ಡ ತಂಡಗಳು. ಜಾಶ್ ಗಿಬ್ಸನ್ ಎರಡರಲ್ಲೂ ಆಡಿದವನು. ಬಿಳಿಯರ ಲೀಗ್‌ನಲ್ಲಿ ಆಡಲು ಅವನಿಗೆ ಕೊನೆಯವರೆಗೂ ಅವಕಾಶ ಸಿಗಲಿಲ್ಲ. 1947ರ ಜನವರಿಯಲ್ಲಿ ತೀರಿಕೊಂಡ. ಅದೇ ವರ್ಷ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬಿಳಿಯರ ಲೀಗ್‌ನಲ್ಲಿ ಬ್ರೂಕ್ಲಿನ್ ಪರ ಕಣಕ್ಕಿಳಿದ. ಆ ಲೀಗ್‌ಗಳ ಅಂಕಿ ಅಂಶವನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡದ್ದು 2024ರಲ್ಲಿ. ಗಿಬ್ಸನ್‌ನ ಬ್ಯಾಟಿಂಗ್ ಸರಾಸರಿ .372 ಈಗ ಎಲ್ಲರಿಗಿಂತ ಮೇಲಿದೆ. ಅವನ ಆಟ ಕಣ್ಣಾರೆ ಕಂಡವರು ಈಗ ಸಿಗುವುದು ಅಪರೂಪ. ಅದಕ್ಕೇ "ನಿಮ್ಮ ಅಪ್ಪ ಏನು ಹೇಳುತ್ತಿದ್ದರು?" ಅಂತ ಕೇಳಿ, ಅದನ್ನು ಬೇಗ ಬರೆದುಕೊಳ್ಳಿ.

ನಾಲ್ಕೈದು ಅಭಿಮಾನಿಗಳು ಒಟ್ಟಿಗೆ ಸೇರಿದರೆ ಜಗಳ ಗ್ಯಾರಂಟಿ. ಕ್ಲೆಮೆಂಟೆ ದೊಡ್ಡವನಾ, ವಿಲ್ಲಿ ಮೇಸ್ ದೊಡ್ಡವನಾ? ಸ್ವಲ್ಪ ಹೊತ್ತು ಬಿಡಿ, ಅದೂ ಚೆಂದ. ಆಮೇಲೆ "ನೀವು ಮೇಸ್‌ನನ್ನು ಎಲ್ಲಿ ಕೂತು ನೋಡಿದ್ರಿ?" ಅಂತ ಒಬ್ಬರನ್ನು ಹಿಡಿಯಿರಿ. ಮಾತು ಮತ್ತೆ ಜಾಗಕ್ಕೆ ಬರುತ್ತದೆ.

ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್ ಕಡೆ ಬಂದರೆ 13ನೇ ತಾರೀಕು ಈ ಊರಿನ ಓಕ್‌ಲ್ಯಾಂಡ್ ಬಡಾವಣೆಗೆ ಹೋಗಿ. ಫೋರ್ಬ್ಸ್ ಫೀಲ್ಡ್ ಈಗ ಇಲ್ಲ. ಆದರೆ ಹಿಂದಿನ ಇಟ್ಟಿಗೆ ಗೋಡೆಯ ಒಂದು ತುಂಡು ನಿಂತಿದೆ, 457 ಅಡಿ ಅನ್ನೋ ಅಂಕಿ ಸಮೇತ. ಪ್ರತಿ ವರ್ಷ ಆ ದಿನ ಮಧ್ಯಾಹ್ನ ಜನ ಅಲ್ಲಿ ಸೇರಿ 1960ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಹಳೇ ರೇಡಿಯೊ ಪ್ರಸಾರವನ್ನು ಮೊದಲಿನಿಂದ ಕೊನೆವರೆಗೂ ಕೇಳುತ್ತಾರೆ. ಮಡಿಸುವ ಕುರ್ಚಿ, ಒಂದು ಸ್ವೆಟರ್ ತಗೊಂಡು ಹೋಗಿ. ಒಂದು ಗಂಟೆಗೆ ಮುಂಚೆ ಹೋದರೆ ಹಿರಿಯರ ಪಕ್ಕ ಜಾಗ ಸಿಗುತ್ತದೆ.

ಆ ಪಂದ್ಯದ ದಿನ ಅಜ್ಜ ಹನ್ನೆರಡು ವರ್ಷದ ಹುಡುಗ. ಸ್ಕೂಲು ಬಿಟ್ಟು ಮನೆಗೆ ನಡೆದು ಬರುತ್ತಿದ್ದರು. ಪ್ರತಿ ಮನೆಯ ಕಿಟಕಿಯಲ್ಲೂ ರೇಡಿಯೊ. ಒಂದು ಮನೆ ದಾಟುವಾಗ ಒಂದು ಎಸೆತ, ಮುಂದಿನ ಮನೆ ಮುಂದೆ ಇನ್ನೊಂದು. ಸ್ಕೋರ್ 9-9. ಪೈರೇಟ್ಸ್‌ನ ಬಿಲ್ ಮ್ಯಾಜರಾಸ್ಕಿ ಹೊಡೆದ ಚೆಂಡು, ಎದುರಾಳಿ ನ್ಯೂಯಾರ್ಕ್ ಯಾಂಕೀಸ್‌ನ ಫೀಲ್ಡರ್ ಯೋಗಿ ಬೆರಾನ ತಲೆ ಮೇಲೆ, ಎಡಗಡೆ ಗೋಡೆ ದಾಟಿ ಹೋಯಿತು. ಆ ಗಡಿಬಿಡಿಯಲ್ಲಿ ರೇಡಿಯೊದಲ್ಲಿದ್ದ ಚಕ್ ಥಾಂಪ್ಸನ್ ಪಿಚರ್ ಹೆಸರನ್ನೇ ತಪ್ಪಾಗಿ ಹೇಳಿದರು. ಎಸೆದವನು ರಾಲ್ಫ್ ಟೆರಿ, ಅವರ ಬಾಯಲ್ಲಿ ಬಂದದ್ದು ಆರ್ಟ್ ಡಿಟ್ಮಾರ್. ಗೋಡೆ ಹತ್ತಿರ ಕೂತವರು ಆ ತಪ್ಪು ಬರುವ ಮುಂಚೆಯೇ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

ಟೇಪಿನಲ್ಲಿ ಹೋಂ ರನ್ ಬರುವುದು 3 ಗಂಟೆ 36 ನಿಮಿಷಕ್ಕೆ, 1960ರಲ್ಲಿ ಬಂದ ಅದೇ ಹೊತ್ತಿಗೆ. ಅಜ್ಜ ಹೋದ ವರ್ಷ ಐದು ನಿಮಿಷ ಮುಂಚೆಯೇ ಕುರ್ಚಿಯಿಂದ ಎದ್ದರು. ಯಾಕೆ ಅಂದೆ. "ಅವತ್ತು ನಡೀತಾ ಇದ್ದೆ ಅಲ್ವಾ" ಅಂದರು. ಗೋಡೆಗುಂಟ ನಿಧಾನವಾಗಿ ನಡೆಯತೊಡಗಿದರು. ನಾನು ನೋಟ್‌ಬುಕ್ ಮುಚ್ಚಿ ಜೊತೆಗೆ ನಡೆದೆ.